ಕೆಂಪಿ ಏಕೆ ಆಕಾಶ ನೋಡುತ್ತಿತ್ತು?



ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದು ಒಂದೂವರೆ ತಿಂಗಳು ಉಳಿದ ಅತಿಥಿಯೊಬ್ಬರ ವಿಷಯವನ್ನು ಬರೆಯಬೇಕೆಂದು ಬಹಳ ದಿನಗಳಿಂದ ಎಣಿಸುತ್ತಿದ್ದೆ. ತಡವಾದುದಕ್ಕೆ ಅರ್ಧ ಕಾರಣ ಸೋಮಾರಿತನ, ಇನ್ನರ್ಧ ಸಂಕೋಚ. ಅತಿಥಿ ಎಂದರೆ ಮನುಷ್ಯರಲ್ಲ, ಒಂದು ಕೋಳಿ. ನಮ್ಮ ಮನೆತನವನ್ನು ಬಲ್ಲ ಬಂಧುಗಳು ಇಲ್ಲಿಯೇ ಹುಬ್ಬೇರಿಸುವರೆಂದು ಬಲ್ಲೆ. ದಯವಿಟ್ಟು ಕೊನೆಯವರೆಗೆ ಓದಿ, ಆಮೇಲೆ ಬೈಯಿರಿ.

ನಿವೃತ್ತಿಯ ನಂತರ ನಾವಿಬ್ಬರೂ ಚಿಕ್ಕೇರೂರಿನಲ್ಲಿಯೇ ನೆಲೆ ನಿಂತುದು ನಿಮಗೆ ಗೊತ್ತು. ಮನೆಯ ಹಿಂದೆ ಹಿತ್ತಲು. ಹಿತ್ತಲಿನ ಬೇಲಿಯಾಚೆ ಕೂಲಿ ಮಾಡಿ ಬದುಕುವ ಒಂದು ಕುಟುಂಬ. ಅದರಾಚೆ ಗೋವಿನಜೋಳದ ಮತ್ತು ಹತ್ತಿಯ ಹೊಲಗಳು. ಆ ಕುಟುಂಬಕ್ಕೆ ಹತ್ತು ಜವಾರಿ ಕೋಳಿಗಳಿದ್ದವು. ಅವು ಇಟ್ಟ ಮೊಟ್ಟೆಗಳಿಂದ ಮನೆಯ ಉಪ್ಪು-ಎಣ್ಣೆಯ ಖರ್ಚು ಸಾಗುತ್ತಿತ್ತು. ಹತ್ತರಲ್ಲಿ ಒಂಬತ್ತು ಮನೆಯವರೆಲ್ಲರ ಕೋಳಿಗಳು; ಹತ್ತನೆಯದಾದ ಕೆಂಪಿ ಮಾತ್ರ ಐದನೆಯ ತರಗತಿ ಮುಗಿಸಿದ ಅವರ ಮೊಮ್ಮಗಳ ಸ್ವಂತ ಆಸ್ತಿ. ಎರಡು ವರ್ಷ ದಾಟಿದ ಹೇಂಟೆ ಅದು. ಆ ಹುಡುಗಿ ಓದಲು ಕುಳಿತರೆ ಪುಸ್ತಕದ ಪಕ್ಕದಲ್ಲಿ ಬಂದು ಕೂರುತ್ತಿತ್ತು, ಹೆಸರು ಕರೆದರೆ ಬೇಲಿ ನುಸುಳಿ ಓಡಿ ಬರುತ್ತಿತ್ತು.

ಏಪ್ರಿಲ್ ತಿಂಗಳಲ್ಲಿ ಶಾಲೆಗೆ ರಜೆ ಬಿದ್ದೊಡನೆ ಹುಡುಗಿಯ ತಾಯಿ ಹೆರಿಗೆಗೆಂದು ತವರಿಗೆ ಹೊರಟರು. ಹುಡುಗಿಯೂ ಜೊತೆಗೆ ಹೋಗಬೇಕು. ಹೊರಡುವ ಹಿಂದಿನ ಸಂಜೆ ಕೆಂಪಿಯನ್ನು ಕಂಕುಳಲ್ಲಿ ಅವುಚಿಕೊಂಡು ನಮ್ಮ ಕಟ್ಟೆಯ ಮುಂದೆ ನಿಂತಳು.

"ಅಜ್ಜಾರ, ಜಾತ್ರಿಗೆ ಬೀಗರು ಬರತಾರ. ನಮ್ಮಜ್ಜ ಕೆಂಪೀನ ಕೊಯ್ದ ಬಿಡತಾನ. ನಿಮ್ಮ ಮನ್ಯಾಗ ಯಾರೂ ಕೋಳಿ ತಿನ್ನಂಗಿಲ್ಲಲ್ಲ, ಅದಕ್ಕ ನಾ ಬರೂತನಕ ನಿಮ್ಮಲ್ಲೇ ಇರಲಿ."

ಅವಳ ತರ್ಕದಲ್ಲಿ ದೋಷವನ್ನು ಹುಡುಕಲು ನನ್ನಿಂದಾಗಲಿಲ್ಲ. ಕೋಳಿಯನ್ನು ಹಿತ್ತಲಿಗೂ ಸೇರಿಸದ ನಮ್ಮ ಮನೆಯವರ ಮುಖ ನೋಡಿದೆ. "ಕೂಸು ನಂಬಿ ಬಂದೈತಿ, ಒಲ್ಲೆ ಅನ್ನಾಕ ಹೆಂಗ ಬರತೈತಿ?" ಎಂದರು. ಹೀಗೆ ಕೆಂಪಿ ನಮ್ಮದಾಯಿತು. ಹೋಗುವಾಗ ಹುಡುಗಿ, ಅದು ಜೋಳ ತಿನ್ನುತ್ತದೆ, ತೌಡು ತಿನ್ನುತ್ತದೆ, ತಿಪ್ಪೆ ಕೆದರಿ ಹುಳ ತಿನ್ನುತ್ತದೆ ಎಂದು ಬೆರಳು ಮಡಿಚಿ ಹೇಳಿದಳು. ನಾವು ತಲೆಯಾಡಿಸಿದೆವು. ಕೇಳಿಸಿಕೊಂಡೆವೆಂದು ಹೇಳಲಾರೆ.

ಒಪ್ಪಿಸಿದ ಒತ್ತೆಯನ್ನು ಕಾಯುವವನಿಗೆ ನಿದ್ದೆ ಬರುವುದಿಲ್ಲ. ನಮ್ಮ ಓಣಿಯಲ್ಲಿ ಬೀದಿನಾಯಿಗಳು ಹೆಚ್ಚು. ಹಿತ್ತಲಿನ ಕಲ್ಲುಗುಪ್ಪೆಯಲ್ಲಿ ಮುಂಗುಸಿಯೂ ಉಂಟು. ಆದುದರಿಂದ ಕೆಂಪಿಯನ್ನು ಕಟ್ಟಿಗೆಯ ಕೋಣೆಯೊಳಗೇ ಇಟ್ಟೆವು. ಕಲ್ಲು ಹಾಸಿದ ನೆಲ, ಒಂದು ಕಿಟಕಿ, ನೀರಿಗೊಂದು ಮಣ್ಣಿನ ಪರಟಿ. ತಿಪ್ಪೆ ಕೆದರುವುದು ಕೊಳಕೆಂದೂ ಹುಳುವನ್ನು ತಿನ್ನಗೊಡುವುದು ಪಾಪವೆಂದೂ ನಮ್ಮ ಮನೆಯವರು ಭಾವಿಸಿದರು. ಬದಲಿಗೆ ನಮಗಾಗಿ ತಂದ ಬೆಳ್ಳಗಿನ ಸೋನಾಮಸೂರಿ ಅಕ್ಕಿಯನ್ನು ಮೂರು ನೀರಿನಲ್ಲಿ ತೊಳೆದು, ಬೇಯಿಸಿ, ಗಂಜಿ ಬಸಿದು, ಉದುರುದುರಾದ ಅನ್ನವನ್ನು ದಿನಕ್ಕೆರಡು ಬಾರಿ ಇಕ್ಕುತ್ತಿದ್ದರು. ಬಸಿದ ಗಂಜಿ ಎದುರು ಮನೆಯ ಎಮ್ಮೆಯ ಪಾಲು. ತಂಗಳನ್ನವನ್ನು ಒಂದು ದಿನವೂ ಹಾಕಲಿಲ್ಲ. ಕೆಂಪಿ ಮೊದಲ ವಾರ ಸಂಭ್ರಮದಿಂದ ತಿಂದಿತು, ಎರಡನೆಯ ವಾರ ಸುಮ್ಮನೆ ತಿಂದಿತು, ಮೂರನೆಯ ವಾರ ಕೊಕ್ಕಿನಿಂದ ಅನ್ನವನ್ನು ಅತ್ತಿತ್ತ ಸರಿಸಿ ಬಿಟ್ಟಿತು. ಬೇಸಿಗೆಯ ಝಳವೆಂದುಕೊಂಡೆವು.

ಮೇ ತಿಂಗಳ ನಡುವಿನಲ್ಲಿ ಒಂದು ಬೆಳಗ್ಗೆ ಕೋಣೆಯ ಬಾಗಿಲು ತೆರೆದಾಗ ಕೆಂಪಿ ಎದ್ದು ಬರಲಿಲ್ಲ. ಎಬ್ಬಿಸಿದರೆ ಕುಡಿದವರಂತೆ ತೂರಾಡುತ್ತ ನಾಲ್ಕು ಹೆಜ್ಜೆ ಇಟ್ಟಿತು. ಕಾಲ್ಬೆರಳುಗಳು ಒಳಕ್ಕೆ ಮುದುಡಿದ್ದವು. ನಾನು ಆಗ ಮಾಡಿದ ನಿರ್ಣಯವನ್ನು ಇಂದಿಗೂ ನೆನೆದು ನಾಚುತ್ತೇನೆ. ಕಟ್ಟಿಗೆಯ ಒಟ್ಟಿಲಿನಿಂದ ಹಾರಿ ಕಾಲು ಉಳುಕಿಸಿಕೊಂಡಿದೆ ಎಂದು ತೀರ್ಮಾನಿಸಿ, ಅರಿಸಿನವನ್ನು ಎಣ್ಣೆಯಲ್ಲಿ ಬಿಸಿ ಮಾಡಿ ಹಚ್ಚಿದೆ. ಓಡಾಡದಿರಲೆಂದು ಬಿದಿರಿನ ಬುಟ್ಟಿಯನ್ನು ಅದರ ಮೇಲೆ ಕವುಚಿದೆ. ಶಕ್ತಿ ಬರಲೆಂದು ಇನ್ನಷ್ಟು ಅನ್ನವನ್ನು ಇಟ್ಟೆ. ಕಾಯಿಲೆಗೆ ಕಾರಣವಾದ ಮೂರನ್ನೂ ಔಷಧವೆಂಬಂತೆ ಹೆಚ್ಚಿಸಿದೆ ಎಂಬುದು ಆಮೇಲೆ ತಿಳಿಯಿತು: ಸೆರೆ, ಅನ್ನ ಮತ್ತು ನನ್ನ ಆತ್ಮವಿಶ್ವಾಸ.

ಎರಡು ದಿನ ಕಳೆದು ಬುಟ್ಟಿ ಎತ್ತಿ ನೋಡಿದರೆ ಎದೆ ಧಸಕ್ಕೆಂದಿತು. ಕೆಂಪಿ ಎರಡೂ ಕಾಲುಗಳನ್ನು ಮಡಿಚಿ ಹಿಂದಕ್ಕೆ ಒರಗಿದಂತೆ ಕುಳಿತಿತ್ತು. ಕತ್ತು ಬೆನ್ನಿನ ಕಡೆಗೆ ಬಾಗಿ, ಕೊಕ್ಕು ನೇರವಾಗಿ ಮೇಲಕ್ಕೆ, ಕಣ್ಣು ಮಾಡಿನ ಹೆಂಚಿನತ್ತ. ನಕ್ಷತ್ರಗಳನ್ನು ಎಣಿಸುವವರು ಹಾಗೆ ಕುಳಿತಾರು. ಜುಟ್ಟಿನ ಕೆಂಪು ನೀಲಿಗೆ ತಿರುಗಿತ್ತು.

ಬೇಲಿಯಾಚೆಯ ಹಿರಿಯರನ್ನು ಕರೆದೆ. ಅವರು ದೂರದಿಂದಲೇ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಮಾಸ್ತರ್ರ, ಇದು ಕೊಕ್ಕರೆ ರೋಗ. ಕುತ್ತಿಗಿ ತಿರುವೈತಿ ನೋಡ್ರಿ. ಇವತ್ತ ಕೊಯ್ದು ಹುಗದ ಬಿಡೂಣು. ಇಲ್ಲಾಂದ್ರ ನನ್ನ ಒಂಬತ್ತೂ ಹೋಗತಾವು."

ಅವರ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಲೆಕ್ಕವಿತ್ತು. ಕೊಕ್ಕರೆ ರೋಗವೆಂದು ನಾವು ಕರೆಯುವುದನ್ನು ಪುಸ್ತಕಗಳು ರಾಣಿಖೇತ್ ರೋಗವೆನ್ನುತ್ತವೆ. ಹಿಮಾಲಯದ ಕುಮಾವೂಂ ಸೀಮೆಯ ರಾಣಿಖೇತ್ ಊರಿನಲ್ಲಿ 1920ರ ದಶಕದ ಕೊನೆಗೆ ಗುರುತಿಸಲ್ಪಟ್ಟುದರಿಂದ ಆ ಹೆಸರು. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯೂ ಅದೇ ವರ್ಷ ಜಾವಾ ದ್ವೀಪದಲ್ಲಿಯೂ ಅದು ಕಂಡಿತ್ತು. ಆದುದರಿಂದ ಬೇರೆ ದೇಶಗಳಲ್ಲಿ ಅದಕ್ಕೆ ನ್ಯೂಕ್ಯಾಸಲ್ ರೋಗವೆಂದು ಹೆಸರು. ವೈರಾಣುವಿನಿಂದ ಬರುವ ಈ ರೋಗಕ್ಕೆ ಔಷಧವಿಲ್ಲ, ಲಸಿಕೆಯುಂಟು. ಬೇಸಿಗೆಯಲ್ಲಿ ಓಣಿ ಹೊಕ್ಕಿತೆಂದರೆ ವಾರದೊಳಗೆ ಗೂಡುಗಳು ಬರಿದಾಗುವುದನ್ನು ಹಿರಿಯರು ಕಣ್ಣಾರೆ ಕಂಡವರು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿದಾಗಿನ ಹೆದರಿಕೆಯನ್ನೂ ಅವರು ಮರೆತಿರಲಿಲ್ಲ. ಒಂಬತ್ತು ಕೋಳಿಗಳೆಂದರೆ ಅವರಿಗೆ ನನ್ನ ಪಿಂಚಣಿಯ ಹಾಗೆ. ನಾನು ಅವರಿಂದ ಒಂದು ದಿನದ ಅವಧಿ ಕೇಳಿದೆ. "ಕೂಸಿಗೆ ಏನ್ ಹೇಳಲಿ?" ಎಂದುದಕ್ಕೆ ಅವರೂ ಉತ್ತರಿಸದೆ ತಲೆ ಕೆಳಗೆ ಹಾಕಿದರು. ಅವಳು ಬರಲು ಇನ್ನು ಹತ್ತು ದಿನಗಳು ಉಳಿದಿದ್ದವು.

ಅಂದೇ ಆಟೋ ಮಾಡಿಕೊಂಡು ಪಶು ಆಸ್ಪತ್ರೆಗೆ ಹೋದೆವು. ಬಟ್ಟೆ ಹಾಸಿದ ಬುಟ್ಟಿಯಲ್ಲಿ ಕೆಂಪಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು. ಎತ್ತು, ಎಮ್ಮೆ, ಆಡುಗಳೊಂದಿಗೆ ನಿಂತವರಲ್ಲಿ ಒಂದಿಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. "ಸರ್, ನೀವು ಕೋಳಿ ಹಿಡ್ಕೊಂಡು!" ಎಂದು ಅವರು ಬಾಯಿ ಮೇಲೆ ಕೈಯಿಟ್ಟುಕೊಂಡುದನ್ನು ನೋಡದವನಂತೆ ಕಂಬವನ್ನು ದಿಟ್ಟಿಸುತ್ತ ನಿಂತೆ.

ವೈದ್ಯರು ತರುಣರು. ನಾನು ಬಾಯಿ ತೆರೆಯುತ್ತಲೇ ಕೈ ಮಾಡಿ ತಡೆದು, ಮೊದಲು ಕೋಳಿಯನ್ನು ನೋಡಿದರು. ಅವರು ನೋಡಿದ ಕ್ರಮವನ್ನು ಬರೆಯುತ್ತೇನೆ, ಕೋಳಿ ಸಾಕಿದವರಿಗೆ ಉಪಯೋಗವಾದೀತು.

ಅಂಗಾಲುಗಳನ್ನು ತಿರುಗಿಸಿ ನೋಡಿದರು. ಮುಳ್ಳು ಚುಚ್ಚಿ ಕೀವು ತುಂಬಿದ್ದರೆ ಅಲ್ಲಿ ಕಪ್ಪು ಹಕ್ಕಳೆಯೂ ಬಾವೂ ಇರುತ್ತವೆ, ಇರಲಿಲ್ಲ. ಕಾಲಿನ ಎಲುಬುಗಳನ್ನು ಒಂದೊಂದಾಗಿ ಒತ್ತಿದರು. ಮುರಿದಿರಲಿಲ್ಲ, ಉಳುಕಿಯೂ ಇರಲಿಲ್ಲ. ಅಲ್ಲಿಗೆ ನನ್ನ ಅರಿಸಿನ ಬಿದ್ದುಹೋಯಿತು. ಹೊಟ್ಟೆಯ ಹಿಂಭಾಗವನ್ನು ಮುಟ್ಟಿ, ಹೊರಬರಲಾರದೆ ಮೊಟ್ಟೆ ಸಿಕ್ಕಿಕೊಂಡಿದೆಯೇ ಎಂದು ನೋಡಿದರು. ಹಾಗೆ ಸಿಕ್ಕಿಕೊಂಡ ಕೋಳಿ ಬಾಲ ತಗ್ಗಿಸಿ ಮುಕ್ಕುತ್ತದೆಯಂತೆ. ಅದೂ ಅಲ್ಲ. ಕತ್ತಿನ ಬುಡದ ಕಾಳಿನ ಚೀಲವನ್ನು ಹಿಸುಕಿದರು, ಗಟ್ಟಿಯಾಗಿರಲಿಲ್ಲ, ಬರಿದಾಗಿತ್ತು.

ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿಕೊಂಡು ಬಿದ್ದಿದ್ದರೆ ಮಾರೆಕ್ ರೋಗವೆಂದು ಸಂಶಯಪಡಬೇಕು ಎಂದರು. 1907ರಲ್ಲಿ ಹಂಗೇರಿಯ ಯೋಜೆಫ್ ಮಾರೆಕ್ ಎಂಬ ಪಶುವೈದ್ಯರು ಮೊದಲು ವಿವರಿಸಿದ ರೋಗವದು. ಹೆಚ್ಚಾಗಿ ಎಳೆಯ ಕೋಳಿಗಳಿಗೆ ಬರುತ್ತದೆ. ಕೆಂಪಿಯ ವಯಸ್ಸು ಮೀರಿತ್ತು, ಕಾಲುಗಳೆರಡೂ ಸಮನಾಗಿ ಸೋತಿದ್ದವು. ಕೊಳೆತುದನ್ನು ತಿಂದು ವಿಷವೇರಿದರೆ ಕತ್ತು ಬಟ್ಟೆಯಂತೆ ಮುಂದಕ್ಕೆ ಜೋತುಬೀಳುತ್ತದೆ. ಕೆಂಪಿಯ ಕತ್ತು ಹಿಂದಕ್ಕೆ ಸೆಟೆದಿತ್ತು. ಕೊನೆಗೆ ಕೊಕ್ಕರೆ ರೋಗ. ಉಬ್ಬಸವಿದೆಯೇ, ಬಾಯಿ ತೆರೆದು ಉಸಿರಾಡುತ್ತದೆಯೇ, ಹಿಕ್ಕೆ ಹಸುರಾಗಿ ನೀರಾಗಿದೆಯೇ, ಓಣಿಯಲ್ಲಿ ಬೇರೆ ಕೋಳಿಗಳು ಸತ್ತಿವೆಯೇ ಎಂದು ಕೇಳಿದರು. ಯಾವುದೂ ಇಲ್ಲ. ಬೇಲಿಯಾಚೆಯ ಒಂಬತ್ತೂ ಲವಲವಿಕೆಯಿಂದಿದ್ದವು.

ಆಮೇಲೆ ಕುರ್ಚಿಯಲ್ಲಿ ಕುಳಿತು, ನಾನು ಒಂದು ವಾರದಿಂದ ನನ್ನನ್ನೇ ಕೇಳಿಕೊಳ್ಳದ ಪ್ರಶ್ನೆಯನ್ನು ಕೇಳಿದರು.

"ಸರ್, ಇದಕ್ಕ ಏನ್ ತಿನ್ನಿಸ್ತೀರಿ?"

ನಾನು ಸ್ವಲ್ಪ ಹೆಮ್ಮೆಯಿಂದಲೇ ನಮ್ಮ ಉಪಚಾರವನ್ನು ವರ್ಣಿಸಿದೆ: ಸಣ್ಣಕ್ಕಿ, ಮೂರು ನೀರು, ಬಸಿದ ಅನ್ನ, ಐದು ವಾರ.

"ಬ್ಯಾರೆ ಏನೂ ಇಲ್ಲೇನ್ರಿ? ಹೊರಗ ಬಿಟ್ಟಿಲ್ಲ?"

"ಇಲ್ಲ."

"ಗಂಜಿ ಯಾರಿಗೆ ಹಾಕ್ತೀರಿ?"

"ಎದುರು ಮನೆಯ ಎಮ್ಮೆಗೆ."

"ಹಂಗಾದ್ರ ಎಮ್ಮಿ ಗಟ್ಟಿ ಇರಬೇಕು ಬಿಡ್ರಿ" ಎಂದು ನಕ್ಕರು. ಮತ್ತೆ ಗಂಭೀರವಾಗಿ, ಇದು ಬಿ-1 ಜೀವಸತ್ವದ, ಎಂದರೆ ಥಯಾಮಿನ್ನಿನ ಕೊರತೆಯಂತೆ ಕಾಣುತ್ತದೆ, ಖಚಿತವೆಂದು ಈಗಲೇ ಹೇಳಲಾರೆ, ಸೂಜಿ ಚುಚ್ಚುತ್ತೇನೆ ಎಂದರು. "ಇದು ಔಷಧನೂ ಹೌದು, ಪರೀಕ್ಷಾನೂ ಹೌದು. ಕೊರತೀನೇ ಆಗಿದ್ರ ನಾಳೆ ನಾಡಿದ್ದರಾಗ ತಲಿ ಕೆಳಗ ಬರತೈತಿ. ಬರಲಿಲ್ಲ ಅಂದ್ರ ಮತ್ತ ವಿಚಾರ ಮಾಡೂಣು. ಅಲ್ಲೀತನಕ ಬ್ಯಾರೆ ಕೋಳಿ ಹತ್ತರ ಬಿಡಬ್ಯಾಡ್ರಿ." ಕೊಕ್ಕಿನೊಳಗೆ ಹಾಕಲು ಹನಿಗಳನ್ನೂ ಕೊಟ್ಟರು. ಬೇಲಿಯಾಚೆಯ ಕೋಳಿಗಳಿಗೆ ಲಸಿಕೆ ಹಾಕಿಸುವಂತೆ ಹೇಳಿ ಕಳಿಸಿದರು.

ಆಟೋದಲ್ಲಿ ಹಿಂದಿರುಗುವಾಗ ನನಗೆ ಮಾತು ಹೊರಡಲಿಲ್ಲ. ಏಕೆಂದರೆ ಈ ಕಥೆ ನನಗೆ ಗೊತ್ತಿತ್ತು. ನನ್ನ ಕೈಕೆಳಗೆ ವಿಜ್ಞಾನ ಕಲಿತ ನಿಮಗೂ ಗೊತ್ತಿರಬೇಕು. ಮರೆತಿದ್ದರೆ ಮತ್ತೊಮ್ಮೆ ಹೇಳುತ್ತೇನೆ.

ಜಾವಾ ದ್ವೀಪವು ಡಚ್ಚರ ಆಳ್ವಿಕೆಯಲ್ಲಿದ್ದಾಗ ಅಲ್ಲಿಯ ಸೈನಿಕರೂ ಕೈದಿಗಳೂ ಬೆರಿಬೆರಿ ಎಂಬ ರೋಗದಿಂದ ಕಾಲು ಸೋತು, ಹೃದಯ ಸೋತು ಸಾಯುತ್ತಿದ್ದರು. ಕಾರಣ ಕಂಡುಹಿಡಿಯಲು 1886ರಲ್ಲಿ ಬಂದ ತಂಡದಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಎಂಬ ಸೈನ್ಯದ ವೈದ್ಯರಿದ್ದರು. ಅದು ಸೂಕ್ಷ್ಮಜೀವಿಗಳ ಶೋಧದ ಕಾಲ. ಇದೂ ಅಂತಹುದೇ ಇರಬೇಕೆಂದು ಅವರು ಬಟೇವಿಯಾದ, ಎಂದರೆ ಇಂದಿನ ಜಕಾರ್ತಾದ, ಸೈನಿಕ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೋಳಿಗಳಿಗೆ ರೋಗಿಗಳ ರಕ್ತವನ್ನು ಚುಚ್ಚಿ ಕಾದರು. ಕೋಳಿಗಳು ಕಾಲು ಸೋತು ತೂರಾಡಿದವು. ಆದರೆ ಚುಚ್ಚದೆ ಬಿಟ್ಟ ಕೋಳಿಗಳೂ ಹಾಗೆಯೇ ತೂರಾಡಿದವು! ಮುಂದೆ ಒಂದು ದಿನ ಎಲ್ಲವೂ ತಾವಾಗಿಯೇ ಗುಣವಾದವು. ವಿಚಾರಿಸಿದಾಗ ತಿಳಿದುದು ಇಷ್ಟು: ಕೋಳಿಗಳನ್ನು ನೋಡಿಕೊಳ್ಳುವವನು ಕೆಲವು ತಿಂಗಳಿಂದ ಆಸ್ಪತ್ರೆಯ ಅಡುಗೆಮನೆಯ ಬೆಳ್ಳಗಿನ ಅನ್ನವನ್ನು ಅವಕ್ಕೆ ಹಾಕುತ್ತಿದ್ದ. ಹೊಸದಾಗಿ ಬಂದ ಅಡುಗೆಯವನು, ಸೈನಿಕರ ಅನ್ನ ಸೈನ್ಯಕ್ಕೆ ಸೇರದ ಕೋಳಿಗಳಿಗೆ ಸಲ್ಲದೆಂದು ನಿಲ್ಲಿಸಿಬಿಟ್ಟ. ಹೊಟ್ಟು ಮಾತ್ರ ಸುಲಿದ, ತೌಡು ಉಳಿದ ಅಗ್ಗದ ಅಕ್ಕಿ ಬಂದಿತು. ಕೋಳಿಗಳು ಎದ್ದು ನಿಂತವು.

ಐಕ್ಮನ್ನರ ಗೆಳೆಯ ವೋರ್ಡರ್‌ಮನ್ 1890ರ ದಶಕದಲ್ಲಿ ಜಾವಾದ ನೂರರಷ್ಟು ಸೆರೆಮನೆಗಳ, ಎರಡೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಕೈದಿಗಳ ಲೆಕ್ಕ ತೆಗೆದು, ಬೆಳ್ಳಗಿನ ಅಕ್ಕಿ ಉಣ್ಣಿಸಿದಲ್ಲಿಯೇ ಬೆರಿಬೆರಿ ಹೆಚ್ಚೆಂದು ತೋರಿಸಿದರು. ಐಕ್ಮನ್ನರು ಮೊದಲು, ಅನ್ನದಲ್ಲಿ ಒಂದು ವಿಷವಿದೆ, ತೌಡಿನಲ್ಲಿ ಅದರ ಮದ್ದಿದೆ ಎಂದು ಭಾವಿಸಿದ್ದರು. 1901ರಲ್ಲಿ ಅವರ ನಂತರದ ಸಂಶೋಧಕ ಗ್ರೈನ್ಸ್, ಅನ್ನದಲ್ಲಿ ವಿಷವಿಲ್ಲ, ಇರಬೇಕಾದ ಏನೋ ಒಂದು ಇಲ್ಲ ಎಂದು ಸರಿಪಡಿಸಿದರು. ಇರುವುದನ್ನು ಕಾಣುವುದು ಸುಲಭ, ಇಲ್ಲದುದನ್ನು ಕಾಣುವುದು ಕಷ್ಟ. ಆ ಇಲ್ಲದ ವಸ್ತು ಹರಳಾಗಿ ಕೈಗೆ ಸಿಕ್ಕುದು 1926ರಲ್ಲಿ, ಜಾವಾದಲ್ಲಿಯೇ. 1929ರಲ್ಲಿ ಐಕ್ಮನ್ನರಿಗೆ ಹಾಪ್ಕಿನ್ಸರೊಂದಿಗೆ ನೊಬೆಲ್ ಪಾರಿತೋಷಕ ಬಂದಿತು. 1936ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದುದು ನಮ್ಮ ನೆರೆಯ ಆಂಧ್ರದ ನೆಲ್ಲೂರಿನಲ್ಲಿ.

ಥಯಾಮಿನ್ನಿನ ಕೆಲಸ, ತಿಂದ ಹಿಟ್ಟನ್ನು ನರಗಳಿಗೆ ಬೇಕಾದ ಶಕ್ತಿಯಾಗಿ ಬದಲಿಸಲು ನೆರವಾಗುವುದು. ಅದು ಅಕ್ಕಿಯ ಮೇಲಿನ ತೌಡಿನ ಪದರಿನಲ್ಲಿದೆ. ಗಿರಣಿಯಲ್ಲಿ ಹೊಳಪು ಕೊಟ್ಟಾಗ ಬಹುಪಾಲು ಹೋಗುತ್ತದೆ, ತೊಳೆದಾಗ ಇನ್ನಷ್ಟು, ಗಂಜಿ ಬಸಿದಾಗ ಉಳಿದುದರಲ್ಲಿ ಹೆಚ್ಚಿನದು. ಅನ್ನ ಹೆಚ್ಚು ತಿಂದಷ್ಟೂ ದೇಹಕ್ಕೆ ಅದರ ಅಗತ್ಯ ಹೆಚ್ಚು. ಕೋಳಿಯಲ್ಲಿ ಮೊದಲು ಕಾಲ್ಬೆರಳುಗಳು ಸೋಲುತ್ತವೆ, ಆಮೇಲೆ ಕಾಲು, ರೆಕ್ಕೆ, ಕೊನೆಗೆ ಕತ್ತು. ಕೆಂಪಿ ಆಕಾಶ ನೋಡುತ್ತಿರಲಿಲ್ಲ. ಅದರ ಕತ್ತನ್ನು ಮುಂದಕ್ಕೆ ಹಿಡಿಯಬೇಕಾದ ಸ್ನಾಯುಗಳು ಸೋತಿದ್ದವು. ಕರಾವಳಿಯವರ ಕುಚ್ಚಲಕ್ಕಿಯಲ್ಲಿ ಭತ್ತವನ್ನು ಮೊದಲೇ ಬೇಯಿಸುವುದರಿಂದ ಈ ಸತ್ವ ಕಾಳಿನೊಳಕ್ಕೆ ಇಳಿದು ಉಳಿಯುತ್ತದೆ. ನಮ್ಮ ಕಡೆ ಜೋಳದ ರೊಟ್ಟಿ, ಕಾಳುಪಲ್ಯಗಳು ನಮ್ಮನ್ನು ಕಾಯುತ್ತವೆ. ಕೆಂಪಿಗೆ ಅದೇ ಜೋಳ, ಅದೇ ತೌಡು, ಹುಳ-ಹುಪ್ಪಡಿಗಳು ರಕ್ಷೆಯಾಗಿದ್ದವು. ನಾವು ಅದನ್ನು ಪ್ರೀತಿಯಿಂದಲೇ ಕಸಿದುಕೊಂಡೆವು.

ಮೂವತ್ತನಾಲ್ಕು ವರ್ಷ ನಾನು ಕಪ್ಪುಹಲಗೆಯ ಮೇಲೆ ಒಂದು ಕೋಷ್ಟಕ ಬರೆದೆ. ಎಡಕ್ಕೆ ಜೀವಸತ್ವ, ಬಲಕ್ಕೆ ಕೊರತೆಯ ರೋಗ. ಎ ಎಂದರೆ ಇರುಳುಗುರುಡು, ಬಿ-1 ಎಂದರೆ ಬೆರಿಬೆರಿ, ಸಿ ಎಂದರೆ ಸ್ಕರ್ವಿ, ಡಿ ಎಂದರೆ ರಿಕೆಟ್ಸ್. ತಪ್ಪಿದವರಿಗೆ ಹತ್ತು ಸಲ ಬರೆಯಿಸಿದೆ. ಆ ಕೋಷ್ಟಕದ ಎರಡನೆಯ ಸಾಲು ನನ್ನ ಕಟ್ಟಿಗೆಯ ಕೋಣೆಯಲ್ಲಿ ಐದು ವಾರ ಬಿದ್ದಿದ್ದರೂ ನನಗೆ ಗುರುತು ಹತ್ತಲಿಲ್ಲ.

ಅಂದು ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಅದೇ ಕೋಷ್ಟಕದ ಮೊದಲ ಸಾಲು ನೆನಪಾಯಿತು. ಸಂಕೋಚವೆಂದು ಮೇಲೆ ಬರೆದುದು ಇದರ ಬಗೆಗೆ.

1978ರ ಸುಮಾರು. ನನಗೆ ನೌಕರಿ ಸೇರಿದ ಹುರುಪು. ಏಳನೆಯ ತರಗತಿಯ ಪರೀಕ್ಷೆಗೆಂದು ಹುಡುಗರನ್ನು ಸಂಜೆ ಶಾಲೆಗೆ ಕರೆಸಿ ಕಂದೀಲಿನ ಬೆಳಕಿನಲ್ಲಿ ಪಾಠ ಮಾಡುತ್ತಿದ್ದೆ. ಅವರಲ್ಲೊಬ್ಬ ದಿನವೂ ತಡವಾಗಿ ಬರುತ್ತಿದ್ದ. ಬಂದವನು ಹೊಸ್ತಿಲಿಗೆ ಎಡವುತ್ತಿದ್ದ, ಕುಳಿತವರ ಕೈ ತುಳಿಯುತ್ತಿದ್ದ. ಒಮ್ಮೆ ಕಂದೀಲನ್ನೇ ಒದ್ದು ಉರುಳಿಸಿದ. ಹಗಲು ಚುರುಕಾಗಿದ್ದವನು ಸಂಜೆ ಮಾತ್ರ ಹೀಗಾಡುವುದು ಬೇಕೆಂದೇ ಎಂದು ನಾನು ತೀರ್ಮಾನಿಸಿದೆ. ಛಡಿಯಿಂದ ಹೊಡೆದೆ, ಒಂದು ದಿನವಲ್ಲ, ಅನೇಕ ದಿನ. ಅವನು ಏನೂ ಹೇಳಲಿಲ್ಲ. ಕೊನೆಗೆ ಹಳ್ಳಿಗೆ ಬಂದ ಆರೋಗ್ಯ ಸಹಾಯಕಿಯೊಬ್ಬರು ಅವನ ಕಣ್ಣು ನೋಡಿ, ಹುಡುಗನಿಗೆ ಇರುಳುಗುರುಡು, ಎ ಜೀವಸತ್ವದ ಕೊರತೆ ಎಂದರು. ಮಕ್ಕಳಿಗೆ ಆ ಜೀವಸತ್ವ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿಯೇ ಆರಂಭವಾಗಿತ್ತು. ಔಷಧ ಸಿಕ್ಕಿತು, ಸೊಪ್ಪು ಉಣ್ಣಿಸಿರೆಂದು ತಾಯಿಗೆ ಹೇಳಿದರು, ಕೆಲವು ದಿನಗಳಲ್ಲಿ ಹುಡುಗ ಸಂಜೆ ನೆಟ್ಟಗೆ ನಡೆದು ಬಂದ. ಅದೇ ತಿಂಗಳು, ಅದೇ ತರಗತಿಗೆ, ಎ ಎಂದರೆ ಇರುಳುಗುರುಡು ಎಂದು ನಾನು ಬಾಯಿಪಾಠ ಮಾಡಿಸಿದ್ದೆ. ಅವನೂ ಎಲ್ಲರೊಂದಿಗೆ ಗಟ್ಟಿಯಾಗಿ ಹೇಳಿದ್ದ.

ಅವನ ಮನೆಯಲ್ಲಿ ಏನು ಉಣ್ಣುತ್ತಾರೆ, ಉಣ್ಣುತ್ತಾರೆಯೇ ಇಲ್ಲವೇ ಎಂದು ಒಂದು ದಿನವೂ ನಾನು ಕೇಳಿರಲಿಲ್ಲ. ಗುಣವಾದ ಮೇಲೂ, ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ. ಆ ಕಾಲದಲ್ಲಿ ಮಾಸ್ತರರು ಹುಡುಗರಿಗೆ ಹಾಗೆ ಹೇಳುತ್ತಿರಲಿಲ್ಲ ಎಂಬುದು ನೆಪ. ಎರಡೂ ಸಲ ನಾನು ನಡಿಗೆಯನ್ನು ನೋಡಿದೆ, ತಟ್ಟೆಯನ್ನು ನೋಡಲಿಲ್ಲ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಅವನು ಓದುವುದುಂಟೆಂದು ಕೇಳಿದ್ದೇನೆ. ತಮ್ಮಾ, ನೀನು ಬೇಕೆಂದು ಎಡವಿದವನಲ್ಲ. ಹೊಡೆದುದು ನನ್ನ ತಪ್ಪು. ನಲವತ್ತೈದು ವರ್ಷ ಮೀರಿ ಹೇಳುತ್ತಿದ್ದೇನೆ.

ಕೆಂಪಿಯ ಕಥೆಗೆ ಬರುತ್ತೇನೆ. ಮರುದಿನ ಬೆಳಗ್ಗೆ ಬಾಗಿಲು ತೆರೆಯಲು ಧೈರ್ಯವಾಗದೆ ನಮ್ಮ ಮನೆಯವರನ್ನೇ ಮುಂದೆ ಬಿಟ್ಟೆ. ಒಳಗಿನಿಂದ ಅವರು ಕೂಗಿದರು: "ನೋಡ ಬರ್ರಿ, ನೆಲಾ ನೋಡಾಕ ಹತ್ತೈತಿ!" ಹೌದು, ಕತ್ತು ಕೆಳಗೆ ಬಂದಿತ್ತು. ಪೂರ್ತಿಯಲ್ಲ, ಆಗಾಗ ನಡುಗುತ್ತಿತ್ತು. ಆದರೆ ಕೊಕ್ಕು ಮುಂದಕ್ಕಿತ್ತು. ಮೂರನೆಯ ದಿನ ನೆನೆಸಿದ ಜೋಳ ಮತ್ತು ತೌಡಿನ ಮುದ್ದೆಯನ್ನು ತಾನಾಗಿ ತಿಂದಿತು. ಐದನೆಯ ದಿನ ತೂರಾಡದೆ ನಡೆಯಿತು. ವೈದ್ಯರು ಒಪ್ಪಿದ ಮೇಲೆ, ಬೇಲಿಯಾಚೆಯ ಹಿರಿಯರೇ ಬಂದು ನೋಡಿ, ಏನೂ ಅನ್ನದೆ ಅದನ್ನು ಎತ್ತಿ ತಿಪ್ಪೆಯ ಬಳಿ ಬಿಟ್ಟರು. ಅದು ಎರಡೂ ಕಾಲುಗಳಿಂದ ಕೆದರಿ ಒಂದು ಹುಳುವನ್ನು ಎತ್ತಿತು. ನಮ್ಮ ಮನೆಯವರು ಮುಖ ಆಚೆ ತಿರುಗಿಸಿ, "ತಿನ್ನಲಿ ಬಿಡ್ರಿ" ಎಂದರು. ಆ ವಾರವೇ ಒಂಬತ್ತು ಕೋಳಿಗಳಿಗೂ ಲಸಿಕೆ ಬಿದ್ದಿತು. ಹಿರಿಯರ ಹೆದರಿಕೆ ಈ ಸಲ ಸುಳ್ಳಾಯಿತೆಂದು ಮುಂದಿನ ಸಲವೂ ಸುಳ್ಳಾಗಬೇಕೆಂದಿಲ್ಲ. ಕೋಳಿ ಸಾಕಿದವರು ನೆನಪಿಡಿ: ಒಂದು ಕೋಳಿ ಸೋತರೆ ಮೊದಲು ಬೇರೆ ಇಡಿ, ಮುಟ್ಟಿದ ಕೈ ತೊಳೆಯಿರಿ, ಹಲವು ಒಟ್ಟಿಗೆ ಸತ್ತರೆ ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸಿ.

ಶಾಲೆ ಶುರುವಾಗುವ ಎರಡು ದಿನ ಮೊದಲು ಹುಡುಗಿ ಬಂದಳು. ತಮ್ಮ ಹುಟ್ಟಿದ ಸುದ್ದಿಯನ್ನು ಬೇಲಿಯಾಚೆಯಿಂದಲೇ ಕೂಗಿ ಹೇಳಿ, ಕೆಂಪಿಯನ್ನು ಎತ್ತಿಕೊಂಡು ಎದೆಯ ಮೂಳೆಯ ಮೇಲೆ ಬೆರಳಾಡಿಸಿದಳು. ಮುಖ ಗಂಭೀರವಾಯಿತು.

"ಅಜ್ಜಾರ, ಸೊರಗೈತಿ. ಏನ್ ತಿನ್ನಿಸಿದ್ರಿ ಇದಕ್ಕ?"

ಹತ್ತು ವರ್ಷದ ಮಗು, ನೋಡಿದೊಡನೆ ಕೇಳಿದ ಮೊದಲ ಪ್ರಶ್ನೆ ಅದು. ನಡೆದುದೆಲ್ಲವನ್ನೂ ಮುಚ್ಚಿಡದೆ ಹೇಳಿದೆ. ಅನ್ನ, ಬುಟ್ಟಿ, ಅರಿಸಿನ, ಆಸ್ಪತ್ರೆ, ಎಲ್ಲ. ತಪ್ಪಾಯಿತು ಎಂದೂ ಹೇಳಿದೆ. ಈ ಸಲ ತಡ ಮಾಡಲಿಲ್ಲ. ಅವಳು ಸ್ವಲ್ಪ ಹೊತ್ತು ಕೆಂಪಿಯ ಗರಿ ಸವರುತ್ತ ನಿಂತು, "ನಾ ಹೇಳಿದ್ನೆಲ್ಲ, ಜ್ವಾಳ, ತವಡು, ಹುಳ ಅಂತ" ಎಂದಳು. ಹೌದು, ಹೇಳಿದ್ದಳು.

ಈಗ ಅವಳು ಆರನೆಯ ತರಗತಿ. ಸಂಜೆ ನಮ್ಮ ಕಟ್ಟೆಗೆ ಓದಲು ಬರುತ್ತಾಳೆ, ಕೆಂಪಿಯೂ ಬರುತ್ತದೆ. ಅವಳ ವಿಜ್ಞಾನದ ಪುಸ್ತಕದಲ್ಲಿ ಆ ಕೋಷ್ಟಕ ಬಂದ ದಿನ ನಾನು ಬಾಯಿಪಾಠ ಮಾಡಿಸಲಿಲ್ಲ. ಅಂದು ಮಧ್ಯಾಹ್ನ ಏನು ಉಂಡೆ ಎಂದು ಕೇಳಿದೆ.

ಎಲ್ಲರೂ ಕ್ಷೇಮವಾಗಿರಿ. ಊಟದ ಬಗ್ಗೆ ಅಲಕ್ಷ್ಯ ಮಾಡಬೇಡಿ.

ನಿಮ್ಮ ಮಾಸ್ತರ